ಹಾಲಿವುಡ್ ಬೋರ್ಡು ನೋಡೋದು ಹೇಗೆ: ಮುಂದಿನಿಂದ, ಹಿಂದಿನಿಂದ

ಹೋಗೋ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಲಾಸ್ ಏಂಜಲೀಸ್‌ನ ಮೌಂಟ್ ಲೀ ಗುಡ್ಡದ ಮೇಲಿರುವ 'HOLLYWOOD' ಅನ್ನೋ ಆ ಬಿಳಿ ಅಕ್ಷರಗಳನ್ನು ಹಾಕಿದ್ದು ಸಿನಿಮಾಕ್ಕಲ್ಲ, ಸೈಟು ಮಾರೋಕೆ! 1923ರಲ್ಲಿ ಗುಡ್ಡದ ಕೆಳಗೆ 'ಹಾಲಿವುಡ್‌ಲ್ಯಾಂಡ್' ಅಂತ ಬಡಾವಣೆ ಮಾಡಿದವರು ಅದರ ಹೆಸರನ್ನೇ ಗುಡ್ಡದಷ್ಟು ದೊಡ್ಡದಾಗಿ ನಿಲ್ಲಿಸಿದರು. ಖರ್ಚು ಸುಮಾರು 21,000 ಡಾಲರ್. ರಾತ್ರಿ ಸಾವಿರಾರು ಬಲ್ಬುಗಳು ಮೊದಲು 'ಹಾಲಿ', ಆಮೇಲೆ 'ವುಡ್', ಆಮೇಲೆ 'ಲ್ಯಾಂಡ್' ಅಂತ ಹೊತ್ತಿಕೊಂಡು ಕೊನೆಗೆ ಪೂರ್ತಿ ಹೆಸರು ಬೆಳಗುತ್ತಿತ್ತು. ಒಂದೂವರೆ ವರ್ಷ ನಿಂತರೆ ಸಾಕು ಅಂತಿದ್ದ ಜಾಹೀರಾತು ಅದು.

ಈಗ ಮುಂದಿನಿಂದ ನೋಡೋಣ. ಹತ್ತಿರದಿಂದ ಫೋಟೋ ಬೇಕಾದರೆ ಲೇಕ್ ಹಾಲಿವುಡ್ ಪಾರ್ಕ್. ಕಾರಿಲ್ಲದಿದ್ದರೆ ಗ್ರಿಫಿತ್ ಅಬ್ಸರ್ವೇಟರಿಯೇ (ನಕ್ಷತ್ರ ನೋಡೋ ವೀಕ್ಷಣಾಲಯ) ಸುಲಭ, ವರ್ಮಾಂಟ್/ಸನ್‌ಸೆಟ್ ಮೆಟ್ರೋ ಸ್ಟೇಷನ್ನಿಂದ 'ಡ್ಯಾಶ್' ಅನ್ನೋ ಸಿಟಿ ಬಸ್ ಸಿಗುತ್ತದೆ. ಬೆಳಕಿರುವಾಗಲೇ ಹೋಗಿ, ಈಗ ರಾತ್ರಿ ಅಲ್ಲಿ ದೀಪ ಹಾಕುವುದಿಲ್ಲ.

ಸುಮ್ನೆ ಸೆಲ್ಫಿ ತೆಗೆದು ಬರಬೇಡಿ. ಕೊನೆಯ 'ಡಿ' ಅಕ್ಷರದ ಬಲಕ್ಕೆ ಕಣ್ಣು ಹಾಯಿಸಿ. ಖಾಲಿ ಗುಡ್ಡ ಕಾಣುತ್ತದಲ್ವಾ? 'ಲ್ಯಾಂಡ್' (LAND) ಇದ್ದದ್ದು ಅಲ್ಲೇ. 1940ರ ದಶಕದಲ್ಲಿ 'ಎಚ್' ಬಿದ್ದು ಹೋಗಿ ಬೋರ್ಡು ಹಾಳಾಗಿತ್ತು. 1949ರಲ್ಲಿ ರಿಪೇರಿ ಮಾಡುವಾಗ ಸೈಟಿನ ಜಾಹೀರಾತು ಬೇಡ, ಊರಿನ ಹೆಸರು ಮಾತ್ರ ಸಾಕು ಅಂತ ಆ ನಾಲ್ಕು ಅಕ್ಷರ ತೆಗೆದರು. ಅಕ್ಷರಗಳು ಮೇಲೆ ಕೆಳಗೆ ಆಗಿ ಕಾಣೋದು ಕಟ್ಟಿದವರ ತಪ್ಪಲ್ಲ, ಗುಡ್ಡದ ಏರಿಳಿತ ಹಾಗಿದೆ.

ಇನ್ನೊಂದು: ನೀವು ನೋಡುತ್ತಿರೋದು 1923ರ ಬೋರ್ಡೇ ಅಲ್ಲ. ಹಳೆಯದು ಮರ ಮತ್ತು ತಗಡಿನದು. 1970ರ ದಶಕದ ಹೊತ್ತಿಗೆ ಮೊದಲ 'ಓ' ಮೇಲ್ಭಾಗ ಮುರಿದು 'ಯು' ಥರ ಆಗಿತ್ತು, ಮೂರನೇ 'ಓ' ಪೂರ್ತಿ ಬಿದ್ದೇ ಹೋಗಿತ್ತು. 1978ರಲ್ಲಿ ಒಂಬತ್ತು ಅಕ್ಷರಕ್ಕೆ ಒಂಬತ್ತು ದಾನಿಗಳನ್ನು ಹುಡುಕಿ, ಒಬ್ಬೊಬ್ಬರಿಂದ ಸುಮಾರು 27,777 ಡಾಲರ್ ತಗೊಂಡು, ಹಳೆಯದನ್ನು ಕೆಡವಿ ಉಕ್ಕಿನಲ್ಲಿ ಹೊಸದು ಕಟ್ಟಿದರು. ಹಾಡುಗಾರ ಆಲಿಸ್ ಕೂಪರ್ ಒಂದು 'ಓ'ಗೆ ದುಡ್ಡು ಕೊಟ್ಟರು, ನಟ ಗ್ರೌಚೋ ಮಾರ್ಕ್ಸ್ ನೆನಪಿಗೆ. ಮಧ್ಯೆ ಮೂರು ತಿಂಗಳು ಗುಡ್ಡದ ಮೇಲೆ ಏನೂ ಇರಲಿಲ್ಲ.

ಹಿಂದಿನಿಂದ ನೋಡಬೇಕಾ? ನನ್ನ ಪ್ರಕಾರ ಅದೇ ಜಾಸ್ತಿ ಮಜಾ. ಕ್ಯಾನಿಯನ್ ಡ್ರೈವ್ ಕೊನೆಯಿಂದ ಬ್ರಷ್ ಕ್ಯಾನಿಯನ್ ದಾರಿ ಹಿಡಿಯಿರಿ, ಹೋಗಿ ಬರೋಕೆ ಸುಮಾರು 10 ಕಿ.ಮೀ. ನೆರಳು ಕಡಿಮೆ, ನೀರು ಜಾಸ್ತಿಯೇ ಇಟ್ಟುಕೊಳ್ಳಿ. ಬಿಸಿಲಿಗೆ ಬುಡುಬುಡಿಕೆ ಹಾವುಗಳೂ (ರ್ಯಾಟಲ್‌ಸ್ನೇಕ್) ಬರುತ್ತವೆ, ದಾರಿ ಬಿಟ್ಟು ಪೊದೆಗೆ ಕಾಲಿಡಬೇಡಿ. ಫೋನಿನ ಮ್ಯಾಪ್ ಬೀಚ್‌ವುಡ್ ಕಡೆಯ ಇಕ್ಕಟ್ಟು ಬೀದಿಗಳಿಗೆ ಕರೆದುಕೊಂಡು ಹೋದರೆ ಕೇಳಬೇಡಿ. ಆ ಮನೆಯವರಿಗೆ ಪ್ರವಾಸಿಗರ ಕಾರು ನೋಡಿ ನೋಡಿ ಸಾಕಾಗಿದೆ, ಅಲ್ಲಿಂದ ಗುಡ್ಡ ಹತ್ತುವ ಹಾಲಿರಿಡ್ಜ್ ದಾರಿಯ ಗೇಟನ್ನು 2017ರಲ್ಲೇ ಮುಚ್ಚಿದ್ದಾರೆ.

ಅಕ್ಷರಗಳನ್ನು ಮುಟ್ಟೋಕೆ ಆಗಲ್ಲ. ಬೇಲಿ ಇದೆ, ಕ್ಯಾಮೆರಾ ಇದೆ, ದಾಟಿದರೆ ಪೊಲೀಸರು ಬರುತ್ತಾರೆ. ಕಾರಣವೂ ಇದೆ: 1976ರ ಹೊಸ ವರ್ಷದ ದಿನ ಒಬ್ಬ ಕಾಲೇಜು ಹುಡುಗ ಗೆಳೆಯರ ಜೊತೆ ಎರಡು 'ಓ'ಗಳ ಮೇಲೆ ಬಟ್ಟೆ ಕಟ್ಟಿ 'ಇ' ಮಾಡಿದ, ಊರೆಲ್ಲ ಎದ್ದು ನೋಡಿದರೆ 'ಹಾಲಿವೀಡ್', 'ವೀಡ್' ಅಂದರೆ ಗಾಂಜಾ! 2017ರ ಹೊಸ ವರ್ಷಕ್ಕೂ ಇನ್ನೊಬ್ಬ ಇದನ್ನೇ ಮಾಡಿದ.

ಮೇಲೆ ತಲುಪಿದಾಗ ಬೇಲಿಯಾಚೆ, ನಿಮ್ಮ ಕಾಲ ಕೆಳಗೆ, ಅಕ್ಷರಗಳ ಬೆನ್ನು ಕಾಣುತ್ತದೆ. ಹಿಂದೆ ಬರೀ ಉಕ್ಕಿನ ಕಂಬ, ಊರುಗೋಲು. ಎಡಗಡೆ ಇರಬೇಕಾದ 'ಎಚ್' ಬಲಗಡೆ. ಅದರಾಚೆ ಇಡೀ ಲಾಸ್ ಏಂಜಲೀಸ್. ಸೂರ್ಯ ಮುಳುಗಿದ ಮೇಲೆ ಗುಡ್ಡದ ದಾರಿಗಳು ಮುಚ್ಚುತ್ತವೆ, ಇಳಿಯೋ ಹೊತ್ತನ್ನೂ ಲೆಕ್ಕ ಹಾಕಿಕೊಂಡೇ ಹತ್ತಿ.