ಕತ್ತರಿ ಹಿಡಿಯುವ ಕೈ ನೋಯತೊಡಗಿದಾಗ

ಮಂಡ್ಯದ ಪೇಟೆ ಬೀದಿಯ ಹತ್ತಿರ 22 ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಗೌರಿ ಹಬ್ಬ ಹತ್ತಿರ ಬಂದರೆ ಕತ್ತರಿ ಕೆಳಗಿಡಲು ಪುರುಸೊತ್ತಿರುವುದಿಲ್ಲ. ಮೂರು ವರ್ಷಗಳ ಹಿಂದೆ ಅಂಥ ಒಂದು ರಾತ್ರಿ ಮುದ್ದೆ ತೊಳಸುವಾಗ ಬಲ ಮಣಿಕಟ್ಟಿನಲ್ಲಿ ಛಳುಕು ಹೊಡೆದು ಕೋಲು ಕೈಜಾರಿತು. ಉಳುಕೆಂದು ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿಸಿಕೊಂಡೆ. ಬೆಳಗಾಗುವುದರೊಳಗೆ ಊತ ಹೆಚ್ಚಿತ್ತು. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಹೆಬ್ಬೆರಳಿನ ಬುಡದ ಪಕ್ಕದಲ್ಲಿ ಚುಚ್ಚಿದಂತಾದರೆ ಅಲ್ಲಿನ ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳ) ಹೊದಿಕೆ ದಪ್ಪಗಾಗಿ ಉಜ್ಜುತ್ತಿರಬಹುದು. ಅದಕ್ಕೆ ಬೇಕಾದದ್ದು ಬಿಡುವು. ಹೆಬ್ಬೆರಳಿಗೂ ಆಸರೆ ಇರುವ ಪಟ್ಟಿಯನ್ನೇ ಕೇಳಿ ತೆಗೆದುಕೊಳ್ಳಿ; ಬರೀ ಮಣಿಕಟ್ಟಿಗೆ ಸುತ್ತುವ ಪಟ್ಟಿಯಿಂದ ನನಗೆ ಉಪಯೋಗವಾಗಲಿಲ್ಲ. ನಾಲ್ಕು ವಾರ ಕಟ್ಟಿಕೊಂಡೆ. ದಿನಕ್ಕೆ ಮೂರು ಸಲ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ ಇಟ್ಟೆ. ಮುದ್ದೆ ತೊಳಸುವುದನ್ನೂ ಬಟ್ಟೆ ಹಿಂಡುವುದನ್ನೂ ಮನೆಯವರು ವಹಿಸಿಕೊಂಡರು.

ಕತ್ತರಿಗೆ ಸಾಣೆ ಹಿಡಿಸಿ. ಮೊಂಡು ಕತ್ತರಿಯ ಭಾರವೆಲ್ಲ ಹೆಬ್ಬೆರಳಿನ ಮೇಲೆ ಬೀಳುತ್ತದೆ. ರವಿಕೆ ಬಟ್ಟೆಯನ್ನೂ ಲೈನಿಂಗನ್ನೂ ಒಟ್ಟಿಗೇ ಕತ್ತರಿಸುತ್ತಿದ್ದವಳು ಈಗ ಬೇರೆಬೇರೆಯಾಗಿ ಕತ್ತರಿಸುತ್ತೇನೆ, ಅದೂ ನೆಲದ ಮೇಲಲ್ಲ, ಸೊಂಟದೆತ್ತರದ ಮೇಜಿನ ಮೇಲೆ.

ಮರುವರ್ಷ ಎಡ ಹೆಗಲು ಹಿಡಿಯಿತು. ಕೈ ಹಿಂದಕ್ಕೆ ಹೋಗದೆ ಜಡೆ ಹೆಣೆಯಲಾಗಲಿಲ್ಲ. ಇದಕ್ಕೂ ಬಿಡುವು ಕೊಟ್ಟರೆ ಸರಿಹೋಗುತ್ತದೆಂದು ಕೈ ಅಲುಗಾಡಿಸದೆ ಇದ್ದೆ, ಇನ್ನಷ್ಟು ಬಿಗಿಯಿತು. ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದುಕೊಳ್ಳುವ ಕಾಯಿಲೆ ಎಂದರು ಡಾಕ್ಟರು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚು, ನನಗೂ ಇದೆ. ಹೆಗಲು ಬಿಗಿದರೆ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಿ.

ಮೊದಲು ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಳ್ಳಿ, ಚರ್ಮ ಸುಡದಂತಿರಲಿ. ನೋವಿಲ್ಲದ ಕೈಯನ್ನು ಮೇಜಿಗೆ ಊರಿ ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಬಾವಿಗೆ ಬಿಟ್ಟ ಹಗ್ಗದ ಹಾಗೆ ಸಡಿಲವಾಗಿ ಇಳಿಬಿಡಿ. ಮೈ ತೂಗುತ್ತ ಸಣ್ಣ ಸುತ್ತು, ಆ ಕಡೆ ಹತ್ತು, ಈ ಕಡೆ ಹತ್ತು. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸಿ. ಎಳೆದಂತಾಗಬಹುದು, ಪ್ರಾಣ ಹೋಗುವಂಥ ನೋವು ಬರಬಾರದು. ಬೆರಳು ನಿಂತ ಕಡೆ ನಾನು ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಗೆರೆ ಎಳೆಯುತ್ತಿದ್ದೆ. ಮೊದಲ ಗೆರೆ ಕಿಟಕಿಯ ಕೆಳಗಂಚಿಗೆ ಇತ್ತು; ಎಂಟು ತಿಂಗಳಿಗೆ ಕ್ಯಾಲೆಂಡರಿನ ಮೊಳೆ ಮುಟ್ಟಿತು. ಒಂದೇ ಗೆರೆಯ ಮೇಲೆ ಮೂರು ವಾರ ನಿಂತದ್ದೂ ಉಂಟು, ಬಿಡಬೇಡಿ.

ನೋವಿನ ಮಾತ್ರೆಯನ್ನು ನೀವೇ ಕೊಂಡು ದಿನವೂ ನುಂಗಬೇಡಿ, ಮೂತ್ರಪಿಂಡಕ್ಕೆ ಕೆಡುಕು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು, ತಡಮಾಡದೆ ತೋರಿಸಿ. ಹೆಗಲು ನೋವಿನ ಜೊತೆ ಎದೆ ಹಿಡಿದು ಬೆವರು ಬಂದರೆ ಟವೆಲ್ಲು, ಗೋಡೆ ಯಾವುದೂ ಬೇಡ; ಕೂಡಲೇ 108ಕ್ಕೆ ಕರೆ ಮಾಡಿ.