ಲ್ಯಾಪ್‌ಟಾಪ್‌ನಿಂದಲೇ ರಂಗದ ಬೆಳಕು

ನಮ್ಮ ಬೆಂಗಳೂರಿನ ಹವ್ಯಾಸಿ ತಂಡಗಳಿಗೆ ಬೆಳಕಿನ ತಾಲೀಮಿಗೆ ಸಿಗುವುದು ಹೆಚ್ಚೆಂದರೆ ಪ್ರದರ್ಶನದ ದಿನದ ಮಧ್ಯಾಹ್ನ. ಕಲಾಗ್ರಾಮವಿರಲಿ, ಕೆ.ಎಚ್. ಕಲಾಸೌಧವಿರಲಿ, ಅಷ್ಟರಲ್ಲೇ ಎಲ್ಲ ಮುಗಿಸಬೇಕು. ಅದಕ್ಕೇ ಮನೆಯಲ್ಲಿ ಒಂದು ಎಲ್‌ಇಡಿ ಪಾರ್ ಲೈಟು (ರಂಗಕ್ಕೆ ಬಳಸುವ ಬಣ್ಣದ ಲೈಟು) ಇಟ್ಟುಕೊಂಡು ಕ್ಯೂಗಳನ್ನು, ಅಂದರೆ ಯಾವಾಗ ಯಾವ ಬೆಳಕು ಎಂಬುದನ್ನು, ಮೊದಲೇ ಕಟ್ಟಿಡಿ. ಜಾವಾಸ್ಕ್ರಿಪ್ಟ್ ಸ್ವಲ್ಪ ಬಂದರೆ ಸಾಕು.

ಲೈಟುಗಳಿಗೆ ಅರ್ಥವಾಗುವ ಭಾಷೆ ಡಿಎಂಎಕ್ಸ್ 512. ಒಂದು ಕೇಬಲ್‌ನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಅಷ್ಟೇ.

ಮೊದಲು ಯುಎಸ್‌ಬಿ ಇಂಟರ್‌ಫೇಸ್ ಆರಿಸಿ, ಅಂದರೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಲೈಟಿಗೆ ಡಿಎಂಎಕ್ಸ್ ಕಳಿಸುವ ಪೆಟ್ಟಿಗೆ. ಇಲ್ಲಿ ದುಡ್ಡು ಉಳಿಸಬೇಡಿ. ಅಗ್ಗದ ಡಾಂಗಲ್‌ಗಳಲ್ಲಿ ಸಿಗ್ನಲ್‌ನ ಟೈಮಿಂಗ್ ಎಲ್ಲ ಲ್ಯಾಪ್‌ಟಾಪೇ ನೋಡಿಕೊಳ್ಳಬೇಕು. ಒಮ್ಮೆ ನಮ್ಮ ಬೆಳದಿಂಗಳ ದೃಶ್ಯ ನಡುವೆಯೇ ಮಿಣುಕಿತು, ನಟಿಯ ಮಾತೂ ತಡವರಿಸಿತು. ಎಂಟೆಕ್ ಯುಎಸ್‌ಬಿ ಪ್ರೊ ಥರದ್ದರಲ್ಲಿ ಒಳಗೇ ಒಂದು ಚಿಪ್ ಇದ್ದು, ಕೊನೆಗೆ ಕೊಟ್ಟ ಬೆಲೆಗಳನ್ನು ತಾನೇ ಕಳಿಸುತ್ತಿರುತ್ತದೆ.

ಕೇಬಲ್‌ಗೆ ಮೈಕ್ ವೈರ್ ಬೇಡ, ಡಿಎಂಎಕ್ಸ್‌ಗೆಂದೇ ಇರುವುದನ್ನು ತನ್ನಿ. ಎಸ್.ಪಿ. ರಸ್ತೆಯಲ್ಲಿ 120 ಓಮ್‌ನ ಒಂದು ರೆಸಿಸ್ಟರ್ ತಂದು, ಎಕ್ಸ್‌ಎಲ್‌ಆರ್ ಪ್ಲಗ್‌ನ (ಈ ಕೇಬಲ್‌ಗಳ ತುದಿಯಲ್ಲಿರುವ ದುಂಡು ಪ್ಲಗ್) 2 ಮತ್ತು 3ನೇ ಪಿನ್‌ಗಳ ನಡುವೆ ಬೆಸುಗೆ ಹಾಕಿ. ಅದನ್ನು ಸಾಲಿನ ಕೊನೆಯ ಲೈಟಿಗೆ ಚುಚ್ಚಿ. ಸಿಗ್ನಲ್ ತಿರುಗಿ ಬಂದು ಗಲಾಟೆ ಮಾಡುವುದಿಲ್ಲ.

ಈಗ ಲೈಟಿನ ಹಿಂದಿನ ಬಟನ್ ಒತ್ತಿ ವಿಳಾಸವನ್ನು (ಅದರ ಮೊದಲ ಚಾನೆಲ್‌ನ ಸಂಖ್ಯೆ) 001ಕ್ಕೆ ತನ್ನಿ. ಯಾವ ಚಾನೆಲ್‌ಗೆ ಯಾವ ಬಣ್ಣ ಅಂತ ಅದರ ಮ್ಯಾನ್ಯುಯಲ್‌ನಲ್ಲಿರುತ್ತದೆ. ನನ್ನ ಲೈಟಿನಲ್ಲಿ 1 ಒಟ್ಟು ಪ್ರಖರತೆ, 2 ಕೆಂಪು, 3 ಹಸಿರು, 4 ನೀಲಿ.

ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್ ಹಾಕಿಕೊಂಡು, ಯುಎಸ್‌ಬಿ ಪೆಟ್ಟಿಗೆಯ ಜೊತೆ ಮಾತಾಡಲು ಸೀರಿಯಲ್‌ಪೋರ್ಟ್ ಪ್ಯಾಕೇಜ್ ತರಿಸಿ. ಉಬುಂಟುವಿನಲ್ಲಿ ಅನುಮತಿ ಇಲ್ಲ ಅಂದರೆ ನಿಮ್ಮ ಹೆಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಆಮೇಲೆ 513 ಬೈಟ್‌ಗಳ ಒಂದು ಅರೇ ಮಾಡಿ. ಸೊನ್ನೆಯ ಜಾಗದಲ್ಲಿ ಸೊನ್ನೆಯೇ ಇರಲಿ, ಅದು ಸ್ಟಾರ್ಟ್ ಕೋಡ್. ಇದರಿಂದ ಒಂದು ಅನುಕೂಲ: ಚಾನೆಲ್ ಸಂಖ್ಯೆಯೂ ಅರೇಯ ಸಂಖ್ಯೆಯೂ ಒಂದೇ ಆಗುತ್ತದೆ. ಪ್ರೊ ಪೆಟ್ಟಿಗೆಗೆ ಕಳಿಸುವಾಗ ಇದರ ಮುಂದೆ 126, 6, 1, 2 ಎಂಬ ನಾಲ್ಕು ಬೈಟ್, ಕೊನೆಗೆ 231 ಸೇರಿಸಬೇಕು. 126 ಶುರು, 6 ಅಂದರೆ ಡಿಎಂಎಕ್ಸ್ ಕಳಿಸು, 1 ಮತ್ತು 2 ಸೇರಿ ಉದ್ದ (2 ಗುಣಿಸು 256, ಕೂಡಿಸು 1, ಅಂದರೆ 513), 231 ಮುಕ್ತಾಯ. 1ನೇ ಮತ್ತು 4ನೇ ಜಾಗಕ್ಕೆ 255 ಹಾಕಿ ಕಳಿಸಿ. ಕೋಣೆ ನೀಲಿಯಾದಾಗ ಆಗುವ ಖುಷಿಯೇ ಬೇರೆ!

ಇನ್ನು ಫೇಡ್, ಅಂದರೆ ಬೆಳಕು ನಿಧಾನಕ್ಕೆ ಏರುವುದು, ಇಳಿಯುವುದು. ಸೆಕೆಂಡಿಗೆ 40 ಸಲ ಕಳಿಸಿದರೆ ಸಾಕು. ಎಷ್ಟು ಸಲ ಕಳಿಸಿದೆವು ಅಂತ ಎಣಿಸಿ ಬೆಲೆ ಏರಿಸಬೇಡಿ, ಟೈಮರ್ ಜಾರುತ್ತದೆ. ಶುರುವಾಗಿ ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ, ಅದನ್ನು ಫೇಡ್‌ನ ಒಟ್ಟು ಹೊತ್ತಿನಿಂದ ಭಾಗಿಸಿ. ಹಾಗೆ ಬಂದ ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ 255ರಿಂದ. ಅರ್ಧ ಹೊತ್ತಿಗೆ 128ರ ಬದಲು 64 ಬರುತ್ತದೆ. ಎಲ್‌ಇಡಿ ತಟ್ಟನೆ ಬೆಳಗದೆ, ಬೆಳಗಿನ ಜಾವದ ಹಾಗೆ ನಿಧಾನಕ್ಕೆ ಏರುತ್ತದೆ.