ಸುಟ್ಟ ಗಾಯಕ್ಕೆ ನ್ಯಾನೊ ಬೆಳ್ಳಿ ಪಟ್ಟಿ: ನನ್ನ ಅನುಭವ

ಸುಟ್ಟಗಾಯದ ವಾರ್ಡಿನಲ್ಲಿ ನಾನು ನರ್ಸ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲರಿಗೂ ಒಂದೇ ಬಿಳಿ ಮುಲಾಮು: ಸಿಲ್ವರ್ ಸಲ್ಫಾಡಯಾಜಿನ್. 1960ರ ದಶಕದಿಂದ ಬಂದದ್ದು, ಅಗ್ಗ, ಸೋಂಕನ್ನೂ ತಡೆಯುತ್ತದೆ. ಆದರೆ ದಿನವೂ ಹಚ್ಚಬೇಕು, ಹಚ್ಚುವ ಮೊದಲು ಹಳೆಯದನ್ನು ತೊಳೆದು ತೆಗೆಯಬೇಕು. ಗಾಯಕ್ಕೆ ಕೆನೆಗಟ್ಟಿದ ಹಾಗೆ ಅಂಟಿದ ಆ ಪದರವನ್ನು ಒರೆಸುವ ಹೊತ್ತಿನ ನೋವಿಗೆ ಹೆದರಿ, ಡ್ರೆಸ್ಸಿಂಗ್ ಟ್ರಾಲಿಯ ಸದ್ದಿಗೇ ಮಕ್ಕಳು ಅಳಲು ಶುರುಮಾಡುತ್ತಿದ್ದವು.

ಬೆಳ್ಳಿಯ ಅತಿ ಸಣ್ಣ ಕಣಗಳನ್ನು ಲೇಪಿಸಿದ ನ್ಯಾನೊ ಬೆಳ್ಳಿ ಪಟ್ಟಿಯಿಂದ ನನಗೆ ಕಂಡ ದೊಡ್ಡ ಲಾಭ ಇಲ್ಲೇ. ನಾವು ಬಳಸುವುದನ್ನು 3 ದಿನ ಬಿಚ್ಚದೆ ಬಿಡಬಹುದು. 7 ದಿನದ್ದೂ ಸಿಗುತ್ತದೆ. 100 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳಾದ್ದರಿಂದ ಬೆಳ್ಳಿಯ ಹೆಚ್ಚು ಭಾಗ ತೇವಕ್ಕೆ ತಾಗಿ, ಅಯಾನುಗಳು (ವಿದ್ಯುದಾವೇಶವಿರುವ ಬೆಳ್ಳಿಯ ಪರಮಾಣುಗಳು) ದಿನಗಟ್ಟಲೆ ಹೊರಬರುತ್ತಲೇ ಇರುತ್ತವೆ. ಬ್ಯಾಕ್ಟೀರಿಯಾದ ಕಿಣ್ವಗಳಿಗೆ ಅಂಟಿಕೊಂಡು ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಈ ಅಯಾನುಗಳೇ.

ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಪಟ್ಟಿ ನೆನೆಸುವ ನೀರಿನ ವಿಷಯ. ವಾರ್ಡಿನಲ್ಲಿ ಎಲ್ಲದಕ್ಕೂ ಸಲೈನ್ (ಉಪ್ಪು ಬೆರೆತ ನೀರು) ಬಳಸಿ ರೂಢಿ, ಕೈ ತಾನಾಗಿ ಆ ಬಾಟಲಿಗೇ ಹೋಗುತ್ತದೆ. ಈ ಪಟ್ಟಿಗೆ ಅದು ಬೇಡ. ಸಲೈನಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಮಾಡಿಬಿಡುತ್ತದೆ, ಗಾಯಕ್ಕೆ ಸಿಗಬೇಕಾದದ್ದು ಅಲ್ಲೇ ಕಡಿಮೆಯಾಗುತ್ತದೆ. ಸ್ಟೆರೈಲ್ (ಕ್ರಿಮಿರಹಿತ) ನೀರಿನಲ್ಲೇ ನೆನೆಸಿ, ತೊಟ್ಟಿಕ್ಕದಷ್ಟು ಬಸಿದು, ಗಾಯದ ಅಳತೆಗೆ ಕತ್ತರಿಸಿ ಹಾಕುತ್ತೇನೆ. ಅಡಿಯಲ್ಲಿ ವ್ಯಾಸಲೀನ್‌ನಂಥ ಜಿಡ್ಡಿನ ಮುಲಾಮು ಹಚ್ಚುವುದಿಲ್ಲ. ಮೇಲಿನ ಗಾಜ್ ಬಟ್ಟೆ ಒಣಗದಂತೆ ನೋಡಿಕೊಳ್ಳುತ್ತೇನೆ. ಪಟ್ಟಿ ಒಣಗಿದರೆ ಬೆಳ್ಳಿ ಕೆಲಸ ಮಾಡುವುದಿಲ್ಲ, ಬಿಚ್ಚುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ.

ಬಿಚ್ಚಿದಾಗ ಮನೆಯವರು ಗಾಬರಿಯಾಗುವುದುಂಟು. ಸ್ನಾನದ ಬಿಸಿನೀರು ಬಿದ್ದು ತೋಳು ಸುಟ್ಟುಕೊಂಡಿದ್ದ ಹುಡುಗಿಯ ಅಜ್ಜಿ, "ಸಿಸ್ಟರ್, ಕಪ್ಪಗಾಗಿದೆಯಲ್ಲ, ಕೊಳೀತಾ ಇದೆಯಾ?" ಎಂದು ಕಣ್ಣೀರು ಹಾಕಿದರು. "ಇಲ್ಲ ಅಜ್ಜಿ, ಅದು ಬೆಳ್ಳಿ ಬಿಟ್ಟ ಬಣ್ಣ, ನೋಡಿ" ಎಂದು ಒದ್ದೆ ಗಾಜ್‌ನಲ್ಲಿ ಮೆಲ್ಲಗೆ ಒರೆಸಿದೆ. ಬೂದು ಬಣ್ಣ ಹೋಗಿ ಗುಲಾಬಿ ಚರ್ಮ ಕಂಡಿತು. ಈಗ ಪಟ್ಟಿ ಹಾಕುವ ದಿನವೇ ಹೇಳಿಬಿಡುತ್ತೇನೆ: ಬಣ್ಣ ಕಂಡರೆ ಹೆದರಬೇಡಿ, ಕೆಟ್ಟ ವಾಸನೆ, ಜ್ವರ, ಸುತ್ತ ಕೆಂಪು ಹರಡುವುದು ಕಂಡರೆ ಕೂಡಲೇ ಕರೆಯಿರಿ.

ಗಾಯ ಗುಲಾಬಿಯಾಗಿ ಚಿಗುರುತ್ತಿದ್ದರೆ ಬೆಳ್ಳಿ ನಿಲ್ಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಕ್ಟೀರಿಯಾಕ್ಕೆ ವಿಷವಾದದ್ದು ಎಳೆ ಚರ್ಮದ ಕೋಶಗಳಿಗೂ ಸ್ವಲ್ಪ ಮಟ್ಟಿಗೆ ವಿಷವೇ. ಎರಡು ವಾರಕ್ಕೊಮ್ಮೆ ಡಾಕ್ಟರ ಜೊತೆ ಕೂತು, ಇನ್ನೂ ಬೇಕೇ ಎಂದು ನೋಡುತ್ತೇವೆ. "ದುಡ್ಡು ಎಷ್ಟಾದರೂ ಸರಿ, ಬೆಳ್ಳೀದೇ ಹಾಕಿ" ಎನ್ನುವವರಿಗೂ ಸೋಂಕಿಲ್ಲದಿದ್ದರೆ ಪ್ಯಾರಾಫಿನ್ ಗಾಜ್ (ಜಿಡ್ಡು ಸವರಿದ ಗಾಜ್ ಬಟ್ಟೆ) ಸಾಕೆಂದು ತಿಳಿಸಿ ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗಂತೂ, ಸಕ್ಕರೆ ಹತೋಟಿಗೆ ಬಾರದೆ, ಪಾದದ ಮೇಲಿನ ಭಾರ ಇಳಿಸದೆ ಎಂಥ ದುಬಾರಿ ಪಟ್ಟಿ ಕಟ್ಟಿದರೂ ಹುಣ್ಣು ಮಾಯುವುದಿಲ್ಲ.